ಛಾಯಾಚಿತ್ರವೂ ಒಂದು ಶಾಸನವೇ

ಇತಿಹಾಸವನ್ನು ಐಚ್ಛಿಕ ವಿಷಯವಾಗಿ ಓದುವವರಿಗೆ ಮೊದಲ ವರ್ಷದಲ್ಲಿಯೇ ಹೇಳಿಕೊಡುವ ಮಾತೊಂದುಂಟು. ಶಾಸನವೊಂದು ಎದುರಿಗೆ ಬಂದಾಗ ಅದರ ಅಕ್ಷರದ ಅಂದವನ್ನಾಗಲಿ ಶಿಲ್ಪದ ಚೆಲುವನ್ನಾಗಲಿ ನೋಡುವುದಕ್ಕೆ ಮೊದಲು ಮೂರು ಪ್ರಶ್ನೆಗಳನ್ನು ಕೇಳಬೇಕು: ಇದು ಎಂದಿನದು? ಎಲ್ಲಿಯದು? ಬರೆಸಿದವರು ಯಾರು? ಈ ಮೂರಕ್ಕೂ ಉತ್ತರ ದೊರೆತರೆ ಒಡೆದ ಕಲ್ಲೂ ಮಾತನಾಡುತ್ತದೆ. ದೊರೆಯದಿದ್ದರೆ ಎಷ್ಟೇ ಸುಂದರವಾದ ಕಲ್ಲಾದರೂ ಅರ್ಧ ಮೂಕವೇ ಸರಿ. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತ, ಕ್ರಿ.ಶ. 950ರ ಸುಮಾರಿನ ಶಾಸನವನ್ನು ಮಿತ್ರರಲ್ಲಿ ಹಲವರು ಬಲ್ಲರು. ಕಾಳಿ ಎಂಬ ಬೇಟೆನಾಯಿ ಕಾಡುಹಂದಿಯೊಡನೆ ಹೋರಾಡಿ, ಎರಡೂ ಸತ್ತ ಸಂಗತಿಯನ್ನು ಅದು ಹೇಳುತ್ತದೆ. ಒಂದು ನಾಯಿಯ ಹೆಸರು ಸಾವಿರ ವರ್ಷಕ್ಕೂ ಮಿಕ್ಕಿ ಉಳಿದು ಬಂದುದಕ್ಕೆ ಕಾರಣ ಅದರ ಶೌರ್ಯವೊಂದೇ ಅಲ್ಲ. ಆ ಸಂಗತಿಯನ್ನು ಕಾಲ, ಸ್ಥಳ, ಕರ್ತೃಗಳ ಸಹಿತ ಯಾರೋ ಬರೆಸಿಟ್ಟುದು.

ನಾನು ಈ ಪಾಠವನ್ನು ತರಗತಿಯಲ್ಲಿ ಕೇಳುವುದಕ್ಕೆ ಮೊದಲೇ, ಕೊರೋನಾ ದಿಗ್ಬಂಧನದ ಕಾಲದಲ್ಲಿ, ಒಂದು ಅಗ್ಗದ ಮೊಬೈಲು ಫೋನಿನಿಂದ ಕಲಿತೆ. ನಮ್ಮೂರಿನ ಹಕ್ಕಿ, ಹುಳು, ಬಾವಲಿಗಳ ಛಾಯಾಚಿತ್ರ ತೆಗೆಯುವುದರಲ್ಲಿ ಕಳೆದ ಆ ವರ್ಷದಿಂದ ನನಗೆ ತಿಳಿದುಬಂದುದನ್ನು ಸಹಪಾಠಿಗಳಿಗೂ ಅಧ್ಯಾಪಕರಿಗೂ ನಿವೇದಿಸುವುದೇ ಈ ಲೇಖನದ ಉದ್ದೇಶ.

ಮೊದಲು ಸಂದರ್ಭವನ್ನು ಹೇಳಬೇಕು. 2020ನೆಯ ಮಾರ್ಚ್ 25ರಿಂದ ದೇಶದಲ್ಲೆಲ್ಲ ಲಾಕ್‌ಡೌನ್ ಜಾರಿಗೆ ಬಂದಾಗ ನಾನು ಒಂಬತ್ತನೆಯ ತರಗತಿಯಲ್ಲಿದ್ದೆ. ವಾರ್ಷಿಕ ಪರೀಕ್ಷೆ ನಡೆಯದೆಯೇ ಹತ್ತನೆಯ ತರಗತಿಗೆ ತೇರ್ಗಡೆಯಾಯಿತು. ಆದರೆ ಹೋಗಲು ಶಾಲೆಯಿರಲಿಲ್ಲ. ಪಾಠಗಳು ಚಂದನ ವಾಹಿನಿಗೂ ಫೋನಿಗೂ ವರ್ಗವಾದವು. ಸಿರಾ ತಾಲ್ಲೂಕಿನ ನಮ್ಮ ಹಳ್ಳಿಯಲ್ಲಿ ಅಂಥ ಫೋನುಳ್ಳ ಮನೆಗಳು ಬೆರಳೆಣಿಕೆಯವು. ಆ ವರ್ಷದ ಆಗಸ್ಟಿನಲ್ಲಿ ನಮ್ಮ ತಂದೆ ಎರಡು ಕುರಿಗಳನ್ನು ಮಾರಿ ನನಗೊಂದು ಫೋನು ತಂದುಕೊಟ್ಟರು. ಹೀಗೆ ಬಂದ ವಸ್ತುವಿನ ಮೇಲೆ ಮನೆಯವರೆಲ್ಲರ ಕಣ್ಣಿರುವುದು ಸಹಜ. ನಾನು ಅದನ್ನು ಹಿಡಿದು ಕೆರೆಯ ಏರಿಯ ಕಡೆಗೆ ಹೊರಟಾಗಲೆಲ್ಲ, “ಪಾಠಕ್ಕೆ ಅಂತ ತಂದದ್ದು, ಹಕ್ಕಿಗಲ್ಲ” ಎಂಬ ಮಾತು ಹಿಂದಿನಿಂದ ಕೇಳಿಬರುತ್ತಿತ್ತು. ಪಾಠ ಮುಗಿದ ಮೇಲೆ, ಉಳಿದ ಕುರಿಗಳನ್ನು ಮೇಯಿಸುವ ಹೊತ್ತಿನಲ್ಲಿ ಮಾತ್ರ ಎಂಬ ಒಪ್ಪಂದವಾಯಿತು. ಬೇಸಾಯದ ಕೆಲಸಕ್ಕೆ ನಿರ್ಬಂಧವಿರಲಿಲ್ಲವಾದ್ದರಿಂದ ಹೊಲ, ಏರಿ, ತೋಪು ಇಷ್ಟು ನನ್ನ ಪಾಲಿಗೆ ಉಳಿದವು. ಎಲ್ಲವೂ ಸೇರಿ ಒಂದು ಮೈಲಿಯ ಸುತ್ತು.

ಇನ್ನು ಸಾಧನದ ವಿಷಯ. ಕಾಡುಪ್ರಾಣಿಗಳ ಛಾಯಾಚಿತ್ರವೆಂದರೆ ಮೊಳದುದ್ದದ ಮಸೂರ, ಮುಕ್ಕಾಲಿ, ಜೀಪು ಇವೆಲ್ಲ ಬೇಕೆಂಬ ಭಾವನೆ ನಮ್ಮಲ್ಲುಂಟು. ಬೆಂಗಳೂರಿನ ಟಿ.ಎನ್.ಎ. ಪೆರುಮಾಳ್ ಅವರಂಥ ಹಿರಿಯರು ಅಂಥ ಸಾಧನಗಳೊಡನೆ ತಾಳ್ಮೆಯನ್ನೂ ಬೆರೆಸಿ ಕೀರ್ತಿ ಪಡೆದರು. ಮೂಡಿಗೆರೆಯ ತೋಟದಲ್ಲಿದ್ದುಕೊಂಡು ಹಕ್ಕಿಗಳ ಚಿತ್ರ ತೆಗೆದ ಪೂರ್ಣಚಂದ್ರ ತೇಜಸ್ವಿಯವರ ಹೆಸರಂತೂ ಕನ್ನಡಿಗರಿಗೆಲ್ಲ ಗೊತ್ತು. ಅಗ್ಗದ ಫೋನಿನಿಂದ ಅಂಥ ಕೆಲಸವಾಗದು. ಏಕೆಂದರೆ ಅದರ ಮಸೂರ ಬೇಳೆಯಷ್ಟು. ಬೆಳಕನ್ನು ಹಿಡಿಯುವ ಫಲಕ ಹೆಸರುಕಾಳಿನಷ್ಟು. ಮಸೂರವು ಅಗಲವಾದ ನೋಟವನ್ನು ಒಳಗೊಳ್ಳುವುದರಿಂದ ದೂರದ ಹಕ್ಕಿ ಚುಕ್ಕೆಯಾಗಿಬಿಡುತ್ತದೆ. ತೆರೆಯ ಮೇಲೆ ಎರಡು ಬೆರಳಿಟ್ಟು ಎಳೆದರೆ ಹಕ್ಕಿ ಹತ್ತಿರ ಬಂದಂತೆ ಕಾಣುವುದೇನೋ ನಿಜ. ಆದರೆ ಅಲ್ಲಿ ನಡೆಯುವುದು ಚಿತ್ರದ ನಡುಭಾಗವನ್ನು ಕತ್ತರಿಸಿ ಹಿಗ್ಗಿಸುವ ಕೆಲಸ ಮಾತ್ರ. ಹೊಸದಾಗಿ ಒಂದು ಗರಿಯೂ ಅದರಲ್ಲಿ ಸೇರುವುದಿಲ್ಲ.

ಆದರೆ ಈ ಕುಂದಿನಲ್ಲಿಯೇ ಒಂದು ಗುಣವಿದೆ. ಸಣ್ಣ ಮಸೂರವು ಗೇಣು ದೂರದ ವಸ್ತುವನ್ನೂ ಸ್ಪಷ್ಟವಾಗಿ ತೋರಬಲ್ಲುದು. ಅದರ ಮುಂದೆ ಜಾತ್ರೆಯಲ್ಲಿ ಸಿಕ್ಕುವ ಭೂತಗನ್ನಡಿಯೊಂದನ್ನು ಹಿಡಿದರೆ ಇನ್ನೂ ಹತ್ತಿರ ಹೋಗಬಹುದು. ಹೀಗೆ ನನ್ನ ಬೇಟೆ ಹುಲಿ ಚಿರತೆಗಳಿಂದ ಇಳಿದು ಗೋಡೆಯ ಮೇಲೆ ಮಣ್ಣಿನ ಕುಡಿಕೆ ಕಟ್ಟುವ ಕಣಜಕ್ಕೂ, ಬೇಲಿಯ ಮೇಲೆ ಕತ್ತು ಕೆಂಪಾಗಿಸಿಕೊಂಡು ತಲೆದೂಗುವ ಗಂಡು ಓತಿಕ್ಯಾತಕ್ಕೂ, ಮೊದಲ ಮಳೆಗೆ ಕೆಮ್ಮಣ್ಣಿನಿಂದ ಹೊರಬರುವ ಮಖಮಲ್ಲಿನಂಥ ಕೆಂಪು ಹುಳುವಿಗೂ ಬಂದಿತು. ಈ ಕೊನೆಯದನ್ನು ನಾವೆಲ್ಲ ಹುಳುವೆಂದೇ ಕರೆಯುತ್ತೇವೆ. ಚಿತ್ರವನ್ನು ಹಿಗ್ಗಿಸಿ ಕಾಲುಗಳನ್ನು ಎಣಿಸಿದರೆ ಎಂಟು! ಕೀಟಗಳಿಗೆ ಇರುವುದು ಆರೇ ಕಾಲು. ಆದುದರಿಂದ ಇದು ಕೀಟವಲ್ಲ, ಜೇಡನ ಬಳಗದ್ದು. ಓಡಾಡುವ ಜೀವಿಯಲ್ಲಿ ಎಣಿಸಲಾಗದ ಕಾಲುಗಳನ್ನು ನಿಂತ ಚಿತ್ರದಲ್ಲಿ ಎಣಿಸಬಹುದು. ಛಾಯಾಚಿತ್ರದ ಮೊದಲ ಪ್ರಯೋಜನ ಇದು.

ಎರಡನೆಯ ಪ್ರಯೋಜನ ಒಂದೇ ಸ್ಥಳವನ್ನು ಮತ್ತೆ ಮತ್ತೆ ತೆಗೆಯುವುದರಿಂದ ಬರುತ್ತದೆ. ನಮ್ಮ ಹೊಲದ ಬಾವಿಯ ಮೇಲೆ ಬಾಗಿದ ಈಚಲ ಮರದಲ್ಲಿ ಗೀಜಗಗಳು ಮಳೆಗಾಲಕ್ಕೆ ಗೂಡು ಕಟ್ಟುತ್ತವೆ. ದಿನವೂ ನೋಡುವವರಿಗೆ ಅದೊಂದು ಸದ್ದುಗದ್ದಲ ಮಾತ್ರ. ಒಂದೇ ಕಲ್ಲಿನ ಮೇಲೆ ನಿಂತು ದಿನಕ್ಕೊಂದರಂತೆ ತೆಗೆದ ಚಿತ್ರಗಳನ್ನು ಸಾಲಾಗಿ ಇಟ್ಟಾಗ ಅದರ ಕ್ರಮ ಕಾಣಿಸಿತು. ಗಂಡು ಹಕ್ಕಿ ಮೊದಲು ಹುಲ್ಲಿನ ಉಂಗುರವನ್ನು ಹೆಣೆಯುತ್ತದೆ; ಅದನ್ನು ತಲೆಗೆ ಹಾಕುವ ಟೊಪ್ಪಿಗೆಯ ಆಕಾರಕ್ಕೆ ತಂದು ನಿಲ್ಲಿಸುತ್ತದೆ; ಹೆಣ್ಣು ಬಂದು ಪರೀಕ್ಷಿಸಿ ಒಪ್ಪಿದ ಮೇಲೆಯೇ ಕೆಳಗಿನ ಕೊಳವೆಯನ್ನು ಇಳಿಬಿಟ್ಟು ಗೂಡನ್ನು ಪೂರ್ತಿ ಮಾಡುತ್ತದೆ. ಒಪ್ಪಿಗೆಯಾಗದ ಗೂಡುಗಳು ಟೊಪ್ಪಿಗೆಯಾಗಿಯೇ ಉಳಿಯುತ್ತವೆ. ಇದು ಪುಸ್ತಕಗಳಲ್ಲಿ ಇರುವ ಸಂಗತಿಯೇ. ಆದರೆ ನಮ್ಮ ಬಾವಿಯ ಮೇಲೆಯೇ ಅದು ನಡೆಯುತ್ತದೆಂಬುದಕ್ಕೆ ತಾರೀಖು ಸಹಿತ ಸಾಕ್ಷಿ ನನ್ನ ಕೈಯಲ್ಲಿತ್ತು.

ಸಾಕ್ಷಿಯೆಂದಾಗ ಆ ವರ್ಷ ಪ್ರಪಂಚವೆಲ್ಲ ಸುತ್ತಿದ ಕೆಲವು ಚಿತ್ರಗಳು ನೆನಪಿಗೆ ಬರುತ್ತವೆ. ಮನುಷ್ಯರು ಮನೆ ಸೇರಿದ್ದರಿಂದ ಪ್ರಾಣಿಗಳು ಊರಿಗೆ ಬಂದುವೆಂಬ ಸುದ್ದಿ ಎಲ್ಲರ ಫೋನುಗಳಲ್ಲಿಯೂ ಹರಿದಾಡಿತು. ಇದರಲ್ಲಿ ಸತ್ಯಾಂಶವಿಲ್ಲದಿರಲಿಲ್ಲ. 2020ರ ಏಪ್ರಿಲ್‌ನಲ್ಲಿ ಪಂಜಾಬಿನ ಜಲಂಧರದಿಂದ ಧೌಲಾಧಾರ್ ಪರ್ವತಗಳು ಕಾಣಿಸಿದ್ದು ನಿಜ. ಮನುಷ್ಯಸಂಚಾರ ಒಮ್ಮೆಲೇ ನಿಂತ ಈ ಅವಧಿಗೆ ವಿಜ್ಞಾನಿಗಳು ಆಂಥ್ರೊಪಾಸ್ ಎಂಬ ಹೊಸ ಹೆಸರನ್ನೇ ಇಟ್ಟರು. ಮನುಷ್ಯವಿರಾಮವೆಂದು ನಾವು ಕರೆಯಬಹುದು. ಆದರೆ ಇಟಲಿಯ ವೆನಿಸ್ ನಗರದ ಕಾಲುವೆಗಳಿಗೆ ಡಾಲ್ಫಿನ್‌ಗಳು ಬಂದುವೆಂದು ಹಂಚಿದ ದೃಶ್ಯ ವೆನಿಸಿನದೇ ಆಗಿರಲಿಲ್ಲ. ಅದು ನೂರಾರು ಮೈಲಿ ದೂರದ ಸಾರ್ಡೀನಿಯಾ ದ್ವೀಪದ ಬಂದರಿನದು. ಕೇರಳದ ಬೀದಿಯೊಂದರಲ್ಲಿ ನಡೆದುಹೋದ ಪ್ರಾಣಿಯನ್ನು, ಕಣ್ಮರೆಯಾಗಿಹೋದ ಅಪೂರ್ವವಾದ ಮಲಬಾರ್ ಪುನುಗುಬೆಕ್ಕೆಂದು ಹೇಳಿ ಸಂತೋಷಪಟ್ಟರು. ಅದು ಸಾಮಾನ್ಯವಾದ ಸಣ್ಣ ಪುನುಗುಬೆಕ್ಕೆಂದು ಬಲ್ಲವರು ತಿಳಿಸಿದರು. ಮೊದಲನೆಯದರಲ್ಲಿ ಸ್ಥಳ ತಪ್ಪಿತ್ತು. ಎರಡನೆಯದರಲ್ಲಿ ಹೆಸರು ತಪ್ಪಿತ್ತು. ಎರಡರಲ್ಲಿಯೂ ಚಿತ್ರ ನಿಜವಾದುದೇ. ನಿಜವಾದ ಚಿತ್ರವೂ ಸುಳ್ಳು ಹೇಳಬಲ್ಲುದೆಂಬುದು ಇಲ್ಲಿ ಗಮನಿಸತಕ್ಕ ವಿಷಯ. ಇರದ ಪ್ರಾಣಿಯ ಚಿತ್ರವನ್ನು ಯಂತ್ರವೇ ಕ್ಷಣಾರ್ಧದಲ್ಲಿ ಸೃಷ್ಟಿಸಿಕೊಡುವ ಈ ದಿನಗಳಲ್ಲಂತೂ ಈ ಎಚ್ಚರ ಇಮ್ಮಡಿಯಾಗಬೇಕು.

ಇಲ್ಲಿ ಒಂದು ತಾಂತ್ರಿಕ ವಿಷಯವನ್ನು ತಿಳಿದುಕೊಳ್ಳುವುದು ಮೇಲು. ಫೋನು ಚಿತ್ರ ತೆಗೆಯುವಾಗ ಅದರೊಳಗೆ ನಮಗೆ ಕಾಣದಂತೆ ಒಂದು ಜಾತಕವನ್ನೂ ಬರೆದಿಡುತ್ತದೆ. ಯಾವ ದಿನ, ಯಾವ ಗಳಿಗೆ, ಯಾವ ಯಂತ್ರ, ಬೆಳಕಿಗೆ ಎಷ್ಟು ಹೊತ್ತು ತೆರೆದಿತ್ತು, ನಾವು ಒಪ್ಪಿದ್ದರೆ ಯಾವ ಸ್ಥಳ ಎಂಬುದೆಲ್ಲ ಅದರಲ್ಲಿರುತ್ತದೆ. ಅದೇ ಚಿತ್ರವನ್ನು ವಾಟ್ಸಾಪಿನಲ್ಲಿ ಸಾಮಾನ್ಯ ರೀತಿಯಿಂದ ಕಳುಹಿಸಿದರೆ ಗಾತ್ರ ಕುಗ್ಗಿಸುವಾಗ ಈ ಜಾತಕ ಕಳಚಿಹೋಗುತ್ತದೆ. ಡಾಕ್ಯುಮೆಂಟ್ ಆಗಿ ಕಳುಹಿಸಿದರೆ ಉಳಿಯುತ್ತದೆ. ಕೈಯಿಂದ ಕೈಗೆ ದಾಟಿದ ಚಿತ್ರ ತಂದೆತಾಯಿಗಳ ಹೆಸರು ಮರೆತ ಕೂಸಿನಂತೆ. ಯಾರು ಬೇಕಾದರೂ ಅದಕ್ಕೆ ತಮ್ಮಿಷ್ಟದ ಊರು ಹೆಸರು ಕಟ್ಟಬಹುದು. ಯಂತ್ರವನ್ನೇ ಪೂರ್ಣವಾಗಿ ನಂಬದೆ ನಾನು ಹಳೆಯ ಲೆಕ್ಕದ ನೋಟುಪುಸ್ತಕದ ಹಿಂಬದಿಯಲ್ಲಿ ಪ್ರತಿ ಚಿತ್ರಕ್ಕೂ ಒಂದು ಸಾಲು ಬರೆಯುತ್ತ ಬಂದೆ: ದಿನ, ಹೊತ್ತು, ನಿಂತ ಜಾಗ, ಕಂಡದ್ದು, ಅಜ್ಜಿ ಹೇಳಿದ ಹೆಸರು.

ಈ ನೋಟುಪುಸ್ತಕದ ಬೆಲೆ ತಿಳಿದುದು ನಮ್ಮೂರ ಬಾವಲಿಗಳ ವಿಷಯದಲ್ಲಿ.

ಏರಿಯ ಕೊನೆಯಲ್ಲಿ ಒಂದು ಹಳೆಯ ಆಲದಮರವಿದೆ. ಹಣ್ಣು ತಿಂದು ಬದುಕುವ ದೊಡ್ಡ ಬಾವಲಿಗಳು ಹಗಲೆಲ್ಲ ಅದರಲ್ಲಿ ತಲೆಕೆಳಗಾಗಿ ತೂಗುತ್ತವೆ. ರೆಕ್ಕೆ ಬಿಡಿಸಿದರೆ ನಾಲ್ಕು ಅಡಿಗೂ ಹೆಚ್ಚು ಅಗಲ. ಸಣ್ಣ ಬಾವಲಿಗಳಂತೆ ಕೂಗಿನ ಪ್ರತಿಧ್ವನಿಯಿಂದ ದಾರಿ ಹುಡುಕುವ ಜಾತಿಯಲ್ಲ ಇದು. ದೊಡ್ಡ ಕಣ್ಣುಗಳಿಂದ ಇರುಳಿನಲ್ಲಿ ನೋಡುತ್ತದೆ, ಮೂಗಿನಿಂದ ಹಣ್ಣಿನ ವಾಸನೆ ಹಿಡಿಯುತ್ತದೆ. ಕರೋನಾ ವೈರಸ್ಸಿನ ಮೂಲ ಬಾವಲಿಯೆಂಬ ಮಾತು ಹಬ್ಬಿದ್ದ ಕಾಲ. 2020ರ ಏಪ್ರಿಲ್‌ನಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ ಅಧ್ಯಯನವೊಂದು ನಮ್ಮ ದೇಶದ ಎರಡು ಜಾತಿಯ ಬಾವಲಿಗಳಲ್ಲಿ ಕರೋನಾ ಗುಂಪಿನ ವೈರಸ್ ಇದೆಯೆಂದು ತಿಳಿಸಿತು. ಅದು ಕೋವಿಡ್ ರೋಗದ ವೈರಸ್ ಅಲ್ಲ, ಅದರಿಂದ ಮನುಷ್ಯರಿಗೆ ರೋಗ ಬರುತ್ತದೆಂಬುದಕ್ಕೆ ಆಧಾರವಿಲ್ಲ ಎಂಬ ಭಾಗ ಮಾತ್ರ ಹಳ್ಳಿಯವರೆಗೆ ಬರಲಿಲ್ಲ. ಬಂದುದು “ಬಾವಲಿಯಲ್ಲಿ ಕೊರೋನಾ” ಎಂಬ ಎರಡು ಪದಗಳು, ಜಾತಕ ಕಳಚಿದ ಒಂದು ಚಿತ್ರದೊಡನೆ.

ನಾನು ಆಗಸ್ಟಿನಿಂದ ಪ್ರತಿ ಭಾನುವಾರ ಸಂಜೆ ತೂಬಿನ ಕಲ್ಲಿನ ಮೇಲೆ ನಿಂತು ಆ ಮರದ ಚಿತ್ರ ತೆಗೆಯುತ್ತಿದ್ದೆ. ಆಕಾಶದ ಬೆಳಕಿಗೆ ಎದುರಾಗಿ ತೆಗೆದರೆ ಬಾವಲಿ ಬರಿಯ ಕರಿ ಮಚ್ಚೆಯಾಗುತ್ತದೆ. ತೆರೆಯ ಮೇಲೆ ಅದರ ಮೈಯಿರುವಲ್ಲಿ ಬೆರಳಿಟ್ಟು ಬೆಳಕನ್ನು ಸ್ವಲ್ಪ ಏರಿಸಿದರೆ ಕತ್ತಿನ ಕೆಂಗಂದು ತುಪ್ಪಳವೂ ಕಾಣುತ್ತದೆ. ಸಂಜೆಗೆ ಬೆಳಕು ಸಾಲದೆ ಯಂತ್ರದ ಕಣ್ಣು ಹೆಚ್ಚು ಹೊತ್ತು ತೆರೆದಿರುವುದರಿಂದ ಕೈ ನಡುಗಿದರೆ ಚಿತ್ರ ಕದಡುತ್ತದೆ. ಅದಕ್ಕೆ ರಾಗಿ ತುಂಬಿದ ಸಣ್ಣ ಚೀಲವೊಂದನ್ನು ಕಲ್ಲಿನ ಮೇಲಿಟ್ಟು ಫೋನನ್ನು ಅದಕ್ಕೆ ಒರಗಿಸುತ್ತಿದ್ದೆ. ಮನೆಗೆ ಬಂದು ಚಿತ್ರದ ಮೇಲೆ ಒಂದೊಂದು ಬಾವಲಿಗೂ ಒಂದೊಂದು ಚುಕ್ಕೆಯಿಟ್ಟು ಎಣಿಸುವುದು. ಎಲೆಯ ಮರೆಯವು ಬಿಟ್ಟುಹೋಗುತ್ತವೆ. ಆದರೂ ಒಂದೇ ಜಾಗದಿಂದ ಒಂದೇ ಬಗೆಯಲ್ಲಿ ಎಣಿಸಿದರೆ ವಾರ ವಾರಕ್ಕೆ ಹೋಲಿಸಲು ಸಾಕು. ಎಣಿಕೆ ಇನ್ನೂರರ ಆಸುಪಾಸಿನಲ್ಲಿಯೇ ಇರುತ್ತಿತ್ತು. 2021ರ ಬೇಸಿಗೆಗೆ ಬಂದಾಗ ಕೆಲವು ಬಾವಲಿಗಳ ಎದೆಯಲ್ಲಿ ಮುದ್ದೆಯಂಥದೇನೋ ಕಂಡಿತು. ಹಿಗ್ಗಿಸಿ ನೋಡಿದರೆ ಮರಿಗಳು. ಈ ಜಾತಿ ಸಾಮಾನ್ಯವಾಗಿ ವರ್ಷಕ್ಕೆ ಒಂದೇ ಮರಿ ಹಾಕುತ್ತದೆ; ಮರಿ ಎಳೆಯದಾಗಿರುವಾಗ ತಾಯಿಗೆ ಅಂಟಿಕೊಂಡಿರುತ್ತದೆ.

ಆ ಬೇಸಿಗೆಯಲ್ಲಿಯೇ ಎರಡನೆಯ ಅಲೆ ಬಂದಿತು. ಏಪ್ರಿಲ್ ಕೊನೆಯಿಂದ ರಾಜ್ಯದಲ್ಲಿ ಮತ್ತೆ ನಿರ್ಬಂಧ. ಬೆಳಿಗ್ಗೆ 6ರಿಂದ 10ರವರೆಗೆ ಮಾತ್ರ ದಿನಸಿ. ಮೊದಲ ವರ್ಷ ನಮ್ಮೂರನ್ನು ಮುಟ್ಟದಿದ್ದ ರೋಗ ಈ ಸಲ ಮುಟ್ಟಿತು. ಮೇ ತಿಂಗಳಲ್ಲಿ ನಮ್ಮ ಬೀದಿಯೊಂದರಲ್ಲೇ ಇಬ್ಬರು ತೀರಿಕೊಂಡರು. ದುಃಖಕ್ಕೆ ಒಂದು ಗುರಿ ಬೇಕಾಗುತ್ತದೆ. ಆಲದಮರದ ಕೆಳಗೆ ಹುಲ್ಲು ಸುಟ್ಟು ಹೊಗೆ ಹಾಕಿ, ಪಟಾಕಿ ಹೊಡೆದು ಬಾವಲಿಗಳನ್ನು ಓಡಿಸಬೇಕೆಂದು ಕೆಲವರು ನಿಶ್ಚಯಿಸಿದರು. ಅವರನ್ನು ಮೂರ್ಖರೆನ್ನಲು ನನ್ನ ಮನಸ್ಸು ಒಪ್ಪದು. ಅವರಲ್ಲಿ ಒಬ್ಬರು ತಮ್ಮ ಅಣ್ಣನನ್ನು ಕಳೆದುಕೊಂಡು ಆಗಿನ್ನೂ ಹತ್ತು ದಿನವಾಗಿರಲಿಲ್ಲ.

ಹಿರಿಯರು ದೂರ ದೂರ ಕುಳಿತಿದ್ದ ಜಗಲಿಯ ಮುಂದೆ ನಾನು ನೋಟುಪುಸ್ತಕವನ್ನು ಓದಿದೆ, ಚಿತ್ರಗಳನ್ನು ಎತ್ತಿ ಹಿಡಿದು ತೋರಿಸಿದೆ. ಹೇಳಿದ್ದು ಎರಡೇ ಮಾತು. ಮೊದಲನೆಯದು: ಆಗಸ್ಟಿನಿಂದ ಏಪ್ರಿಲ್‌ವರೆಗೆ ಇದೇ ಮರದಲ್ಲಿ ಇಷ್ಟೇ ಬಾವಲಿಗಳಿದ್ದವು, ಊರಿನಲ್ಲಿ ಒಂದೂ ರೋಗವಿರಲಿಲ್ಲ. ಎರಡನೆಯದು: ಈಗ ಓಡಿಸಿದರೆ ಮರಿಗಳು ಕೆಳಗೆ ಬೀಳುತ್ತವೆ, ನಾವೂ ನಮ್ಮ ನಾಯಿಗಳೂ ಅವನ್ನು ಮುಟ್ಟಬೇಕಾಗುತ್ತದೆ. ಬಾವಲಿಯಿಂದ ಅಪಾಯವೇ ಇಲ್ಲವೆಂದು ನಾನು ವಾದಿಸಲಿಲ್ಲ. ಕೇರಳದಲ್ಲಿ 2018ರಲ್ಲಿ ಕಾಣಿಸಿಕೊಂಡ ನಿಪಾ ರೋಗದ ವೈರಸ್ಸಿಗೆ ಹಣ್ಣಿನ ಬಾವಲಿಗಳೇ ಆಶ್ರಯ. ಆದುದರಿಂದಲೇ ಬಾವಲಿ ಕಚ್ಚಿದ ಹಣ್ಣನ್ನು ತಿನ್ನಬಾರದು, ಬಿದ್ದ ಬಾವಲಿಯನ್ನು ಬರಿಗೈಯಲ್ಲಿ ಮುಟ್ಟಬಾರದು, ಅದರ ಪಾಡಿಗೆ ಅದನ್ನು ಬಿಡಬೇಕು ಎಂಬುದೇ ನನ್ನ ವಾದ.

ಒಬ್ಬರು, “ಮೊಬೈಲಿನಲ್ಲಿ ಬಂದ ಚಿತ್ರಗಳನ್ನೆಲ್ಲ ನಂಬೋಕಾಗುತ್ತಾ?” ಎಂದರು. ಪ್ರಶ್ನೆ ನ್ಯಾಯವಾದುದೇ. ಉತ್ತರ ಕೊಟ್ಟವರು ನಮ್ಮ ತಂದೆ. “ನನಗೆ ಓದೋಕೆ ಬರಲ್ಲ ಕಣಣ್ಣ. ಆದರೆ ತಾರೀಖು ಅಂದರೆ ಏನು ಅಂತ ಸಾಲ ತಂದವನಿಗೆ ಗೊತ್ತು. ವಾರ ವಾರ ತಾರೀಖು ಹಾಕೈತೆ, ಕೂತು ನೋಡಿ.” ಫೋನು ಪಾಠಕ್ಕೆಂದು ತಂದದ್ದು ಎಂಬ ಮಾತು ಅಂದಿನಿಂದ ನಮ್ಮ ಮನೆಯಲ್ಲಿ ಕೇಳಿಬರಲಿಲ್ಲ. ಎಲ್ಲರೂ ಒಪ್ಪಿದರೆಂದು ಹೇಳಲಾರೆ. ಮರಿಗಳು ಬೆಳೆಯುವವರೆಗೆ ನೋಡೋಣವೆಂದು ಸಭೆ ಮುಗಿಯಿತು. ಆಮೇಲೆ ಮಳೆ ಬಂದಿತು, ಉಳುಮೆ ಬಂದಿತು, ಜೂನ್ ತಿಂಗಳಲ್ಲಿ ನಿರ್ಬಂಧ ಸಡಿಲವಾಯಿತು. ಹುಲ್ಲಿನ ಹೊರೆ ದನಗಳ ಗೋದಲಿಗೆ ಹೋಯಿತು. ಮರವೂ ಬಾವಲಿಗಳೂ ಈಗಲೂ ಅಲ್ಲಿಯೇ ಇವೆ.

ಈ ಬಾವಲಿಗಳಿಂದ ನಮಗಾಗುವ ಉಪಕಾರವನ್ನೂ ಹೇಳದಿದ್ದರೆ ಲೇಖನ ಅಪೂರ್ಣವಾದೀತು. ಅವು ಅತ್ತಿ, ಆಲ, ಬೇವು, ಹಿಪ್ಪೆಯ ಹಣ್ಣುಗಳನ್ನು ತಿಂದು ಬೀಜಗಳನ್ನು ದೂರ ದೂರಕ್ಕೆ ಒಯ್ದು ಬೀಳಿಸುತ್ತವೆ. ರಾತ್ರಿ ಅರಳುವ ಹಿಪ್ಪೆಯ ಹೂವಿಗೆ ಪರಾಗಸ್ಪರ್ಶ ಮಾಡುವವು ಮುಖ್ಯವಾಗಿ ಬಾವಲಿಗಳೇ. ಇಷ್ಟಾದರೂ 1972ರ ವನ್ಯಜೀವಿ ಕಾಯಿದೆಯಲ್ಲಿ ಹಣ್ಣಿನ ಬಾವಲಿಗಳನ್ನು ಇಲಿಗಳ ಜೊತೆಯಲ್ಲಿ ಉಪದ್ರವಿಗಳ ಪಟ್ಟಿಗೆ ಸೇರಿಸಲಾಗಿತ್ತು. ನಾನು ಚಿತ್ರ ತೆಗೆಯುತ್ತಿದ್ದಾಗ ಕಾನೂನು ಇನ್ನೂ ಹಾಗೆಯೇ ಇದ್ದಿತು. 2022ರ ತಿದ್ದುಪಡಿಯಿಂದ ಆ ಪಟ್ಟಿಯೇ ಕಾಯಿದೆಯಿಂದ ಹೋಯಿತು.

ಒಬ್ಬರ ನೋಟುಪುಸ್ತಕದಿಂದ ಒಂದು ಮರ ಉಳಿದರೆ, ಸಾವಿರಾರು ಜನರ ಟಿಪ್ಪಣಿಗಳು ಸೇರಿದಾಗ ದೇಶದ ಚಿತ್ರವೇ ದೊರೆಯುತ್ತದೆ. 2020ರ ಫೆಬ್ರವರಿಯಲ್ಲಿ ಪ್ರಕಟವಾದ ಭಾರತದ ಹಕ್ಕಿಗಳ ಸ್ಥಿತಿಗತಿಯ ವರದಿಯು 15,500ಕ್ಕೂ ಹೆಚ್ಚು ಪಕ್ಷಿವೀಕ್ಷಕರು ದಾಖಲಿಸಿದ ಒಂದು ಕೋಟಿಗೂ ಮಿಕ್ಕ ವೀಕ್ಷಣೆಗಳಿಂದ ಸಿದ್ಧವಾಯಿತು. ಅವರಲ್ಲಿ ಬಹುಮಂದಿ ವಿಜ್ಞಾನಿಗಳಲ್ಲ, ನಮ್ಮ ನಿಮ್ಮಂಥವರು. ಗುಬ್ಬಚ್ಚಿ ದೇಶದಿಂದಲೇ ಮರೆಯಾಗುತ್ತಿದೆಯೆಂದು ನಾವು ಕೇಳುತ್ತಿದ್ದೆವಲ್ಲವೆ? ಮಹಾನಗರಗಳಲ್ಲಿ ಅದು ಕಡಮೆಯಾಗಿದ್ದರೂ ಒಟ್ಟಾರೆ ಸ್ಥಿರವಾಗಿದೆಯೆಂದು ಆ ವರದಿ ತೋರಿಸಿತು. ನವಿಲುಗಳು ಹೆಚ್ಚಿವೆಯೆಂದೂ ತಿಳಿಸಿತು. ವದಂತಿಯನ್ನು ತಿದ್ದಿದುದು ದಿನ, ಸ್ಥಳ, ಹೆಸರು ಬರೆದ ಸಾಲುಗಳು.

ಈ ಹವ್ಯಾಸಕ್ಕೆ ಕೈಹಾಕುವ ಮಿತ್ರರು ಕೆಲವು ನಿಯಮಗಳನ್ನು ಪಾಲಿಸುವುದು ಅವಶ್ಯಕ. ಗೂಡಿನ ಬಳಿಗೆ ಹೋಗಬಾರದು. ಚಿತ್ರಕ್ಕಾಗಿ ಕೊಂಬೆ ಸರಿಸಿದರೆ ಕಾಗೆಗೂ ಹಾವಿಗೂ ದಾರಿ ತೋರಿದಂತೆ. ಫ್ಲಾಷ್ ಬೆಳಗಿಸಬಾರದು, ಫೋನಿನ ಫ್ಲಾಷ್ ಕೆಲವು ಅಡಿಗಳಾಚೆ ಮುಟ್ಟದು, ಪ್ರಾಣಿಯನ್ನು ಬೆದರಿಸುವುದೊಂದೇ ಅದರ ಫಲ. ಹೆಸರು ತಿಳಿಯದಿದ್ದಲ್ಲಿ ತಿಳಿಯದೆಂದೇ ಬರೆಯಬೇಕು. ಚಿತ್ರ ಕದಡಿದರೂ ಅಳಿಸದೆ ತಾರೀಖು ಹಾಕಿಡಬೇಕು.

ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದುದು ನಾನೇ ಮೊದಲು. ನಮ್ಮ ಅಜ್ಜಿ ಹುಟ್ಟಿದ ದಿನ ಯಾರಿಗೂ ಗೊತ್ತಿಲ್ಲ. ಕೆರೆ ಕೋಡಿ ಬಿದ್ದ ವರ್ಷವೆನ್ನುತ್ತಾರೆ, ಯಾವ ಕೋಡಿಯೋ ತಿಳಿಯದು. ತಾರೀಖು ಹಾಕಿದ ಕಾಗದವೆಂದು ನಮ್ಮಂಥ ಮನೆಗಳಲ್ಲಿ ಇದ್ದುದು ಸಾಲದ ಪತ್ರವೊಂದೇ. ನಾವು ಬರೆದುಕೊಳ್ಳದ ಊರಿನ ಸಂಗತಿಗಳನ್ನು ಬೇರೆಯವರು ತಮಗೆ ತೋರಿದಂತೆ ಹೇಳುತ್ತಾರೆ. ಆದುದರಿಂದ ನನ್ನದೊಂದು ಸೂಚನೆ. ನಮ್ಮ ಕಾಲೇಜಿನ ಆವರಣದಲ್ಲಿ ಹೊಂಗೆ, ಬೇವು, ಹುಣಸೆಗಳಿವೆ. ಅವುಗಳಲ್ಲಿ ವಾಸಿಸುವ ಹಕ್ಕಿ, ಅಳಿಲು, ಓತಿಕ್ಯಾತಗಳಿವೆ. ಗ್ರಂಥಾಲಯದಲ್ಲಿ ಒಂದು ದಪ್ಪ ರಿಜಿಸ್ಟರನ್ನು ಇಟ್ಟು, ವಾರಕ್ಕೊಬ್ಬರಂತೆ ವಿದ್ಯಾರ್ಥಿಗಳು ತಾವು ತೆಗೆದ ಒಂದು ಚಿತ್ರದ ಪ್ರತಿಯನ್ನು ಅದರಲ್ಲಿ ಅಂಟಿಸಿ, ಎಂದು, ಎಲ್ಲಿ, ಯಾರು ಎಂಬ ಮೂರನ್ನೂ ಬರೆದು ಸಹಿ ಹಾಕುವ ಏರ್ಪಾಡಾಗಲಿ. ಈ ಮಾರ್ಚಿನಲ್ಲಿ ನಾನು ಕಾಲೇಜನ್ನು ಬಿಡುವ ಮುನ್ನ ಮೊದಲ ಪುಟಕ್ಕೆ ಹುಣಸೆಮರದ ಕಾಜಾಣದ ಚಿತ್ರವೊಂದನ್ನು ಕೊಡಲು ಸಿದ್ಧವಾಗಿದ್ದೇನೆ. ಮುಂದಿನ ಪುಟಗಳನ್ನು ಮಿತ್ರರು ತುಂಬಬೇಕೆಂದು ಬೇಡುತ್ತೇನೆ.